ದೇವದೂತನ ಬೆನ್ನಿಗೆ ಉಗುರು

ನೂರ ನಲವತ್ತು ಯೂರೋ, ಅಂದ ಸೆಕೊಂದೊ.
ತಲೆ ಎತ್ತಲಿಲ್ಲ. ಸೇಬು ಸುಲಿಯುತ್ತಿದ್ದ,
ಸಿಪ್ಪೆ ಎಲ್ಲೂ ಕಡಿಯದ ಹಾಗೆ.

ಟುರಿನ್ನಿನ ಶನಿವಾರದ ಗುಜರಿ ಸಂತೆ, ಬೆಳಗಿನ ಏಳು.
ನೆಲಕ್ಕೆ ಹಾಸಿದ ಕಿಟಕಿ ಪರದೆಯ ಮೇಲೆ
ಒಂಟಿ ಷೂ, ಸೈನ್ಯದ ತಟ್ಟೆ, ಕೀಲಿಯಿಲ್ಲದ ಮೂರು ಬೀಗ,
ನಡುವೆ ಬಿಸ್ಕತ್ತಿನ ಡಬ್ಬಿಯಲ್ಲಿ
ರಬ್ಬರ್ ಬ್ಯಾಂಡ್ ಬಿಗಿದ ಟ್ಯಾರೋ ಕಟ್ಟು.

ಕಣಿ ಕೇಳುವವಳಲ್ಲ ನಾನು.
ಮೂವತ್ತೊಂದು ವರ್ಷ ಬ್ಯಾಂಕಿನ ಗಾಜಿನ ಹಿಂದೆ ಕೂತು
ನೋಟು ಎಣಿಸಿದವಳು.
ನಾಳೆ ಏನಾಗುತ್ತದೆಂದು ಯಾರಾದರೂ ಹೇಳಿದರೆ
ಬಡ್ಡಿ ಎಷ್ಟು ಅಂತ ಕೇಳುವ ಜಾತಿ.
ಅವನೂ ಅಷ್ಟೆ.
"ಇದು ಆಡುವ ಎಲೆ, ಸಿನ್ಯೋರಾ,
ಮೇಣದ ಬತ್ತಿ ಹಚ್ಚಿಕೊಂಡು ಅಳುವವರದ್ದಲ್ಲ."

ಮೂಗಿಗೆ ಹಿಡಿದೆ: ಹೊಗೆಸೊಪ್ಪು, ಹುಳಿ ವೈನು, ಕೊಂಚ ಸೀಮೆಎಣ್ಣೆ.
ಒಂದು ಎಲೆಯ ಮೇಲೆ ತೆರಿಗೆಯ ಮುದ್ರೆ,
ರಾಜನಿದ್ದ ಕಾಲದ್ದು; ಅದು ಸಾಚಾ.
ಕೋಲುಗಳ ರಾಣಿಯ ಮೂಲೆಗೆ ಕಾಗದದ ತೇಪೆ:
ಹತ್ತು ಯೂರೋ ಕಳೆ.
ಬಟ್ಟಲಿನ ಎರಡರ ಮೇಲೆ ಯಾರೋ ಗ್ಲಾಸು ಇಟ್ಟ ಉಂಗುರ.
ಕಳೆಯಲೋ ಕೂಡಿಸಲೋ ತಿಳಿಯದೆ ಬಿಟ್ಟೆ.

ಆಮೇಲೆ ಎಣಿಸಿದೆ.
ಎಣಿಸುವಾಗ ನೋಡುವುದಿಲ್ಲ, ರೂಢಿ.
ಎಪ್ಪತ್ತೆಂಟು, ಪೂರ್ತಿ.
ಆದರೆ ನಾಲ್ಕು ಕಡೆ ಹೆಬ್ಬೆರಳು ತಡೆದು ನಿಂತಿತು,
ಖೋಟಾ ನೋಟಿನ ಮುಂದೆ ನಿಲ್ಲುತ್ತಿದ್ದ ಹಾಗೆ.
ಅಂಚಿನಲ್ಲಿ ಉಗುರಿನ ಕಚ್ಚು, ಕೂದಲೆಳೆಯಷ್ಟು,
ಕಣ್ಣಿಗೆ ಕಾಣದ್ದು.
ತಿರುಗಿಸಿದೆ:
ಹುಚ್ಚ. ಜಾದೂಗಾರ. ಜಗತ್ತು.
ಕೊನೆಗೆ ದೇವದೂತ, ಕಹಳೆ ಊದುತ್ತ.
ಈ ಸೀಮೆಯ ಆಟದಲ್ಲಿ ಜಗತ್ತನ್ನೂ ಹೊಡೆಯುವ ತುರುಪು ಅವನು.
ಅವನಿಗೆ ಮಾತ್ರ ಎರಡು ಕಚ್ಚು.

"ಯಾರದ್ದಿದು?"
"ಮಾವನದ್ದು. ಬತಿಸ್ತಾ.
ಪಿನೆರೋಲೋದ ಪಡಖಾನೆಯಲ್ಲಿ ನಲವತ್ತು ವರ್ಷ,
ಸೋತದ್ದು ಕಂಡವರಿಲ್ಲ.
ನನ್ನ ಮದುವೆಯ ಸಂಜೆ ನನ್ನದೇ ಸೈಕಲ್ ಗೆದ್ದ,
ಬೆಲ್ ಬಾರಿಸುತ್ತ ಅದರ ಮೇಲೇ ಮನೆಗೆ ಹೋದ.
ನಾನು, ಪಿನುಚ್ಚಾ, ಹಿಂದೆ ನಡೆದುಕೊಂಡು."

ಸುಮ್ಮನಾದೆ.
ಹೇಳಿದರೆ ಬೆಲೆ ಇಳಿಯುತ್ತದೆ.
ಹೇಳಿದರೆ ಸತ್ತವನೊಬ್ಬನ ಅದೃಷ್ಟವೂ ಇಳಿಯುತ್ತದೆ,
ಎಂಬತ್ತು ದಾಟಿದವನ ಎದುರಿಗೆ, ಬೋಣಿಗೂ ಮುಂಚೆ.
ಅಥವಾ ಸಾಚಾ ಕಟ್ಟಿಗಿಂತ ಮೋಸದ ಕಟ್ಟಿಗೇ ಬೆಲೆ ಹೆಚ್ಚೋ?
ಅಂಥ ಲೆಕ್ಕ ನಮ್ಮ ಶಾಖೆಯಲ್ಲಿ ಇರಲಿಲ್ಲ.

ಸಿಪ್ಪೆ ಕೊನೆಗೂ ಕಡಿಯಿತು.
ಚಾಕು ಪ್ಯಾಂಟಿಗೆ ಒರೆಸಿ ಸೆಕೊಂದೊ ಕೈ ಚಾಚಿದ.
ಎದುರಿನ ಛಾವಣಿಯ ಪಾರಿವಾಳ ನೋಡುತ್ತ
ಕಟ್ಟು ಕಲೆಸಿದ, ಎರಡಾಗಿ ಮುರಿದ:
ದೇವದೂತ.
ಮತ್ತೆ ಕಲೆಸಿದ. ದೇವದೂತ.
ಟ್ರಾಮ್ ಒಂದು ಹಾದುಹೋಯಿತು.
ದೇವದೂತ.

"ಮದುವೆಯಾದ ಮೂರನೇ ಚಳಿಗಾಲ ಗೊತ್ತಾಯಿತು.
ಜಗಳಕ್ಕೆ ಮಾತು ಹೊಂದಿಸಿಕೊಳ್ಳುವಷ್ಟರಲ್ಲಿ
ಮುದುಕನ ಕಣ್ಣಿಗೆ ಪೊರೆ ಬಂತು.
ಇದೊಂದು ಬಿಟ್ಟರೆ ಅವನಿಗೆ ಬೇರೇನೂ ಉಳಿಯಲಿಲ್ಲ.
ಹತ್ತೊಂಬತ್ತು ವರ್ಷ, ದಿನಾ ಸಂಜೆ, ಅಡುಗೆಮನೆಯ ಮೇಜು.
ಹಂಚುವಾಗ ಅವನಿಗೆ ನನ್ನ ಕೈ ಗೊತ್ತು,
ನನಗೆ ಅವನದ್ದು.
ಇಬ್ಬರೂ ಬಾಯಿ ಬಿಡಲಿಲ್ಲ."

"ಗೆದ್ದದ್ದು ಯಾರು?"

ಸೇಬಿನ ಹೋಳು ಅಗಿಯುತ್ತ ಯೋಚಿಸಿದ.
"ಸೈಕಲ್ಲಂತೂ ವಾಪಸು ಬರಲಿಲ್ಲ."

ದೇವದೂತನನ್ನು ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿದ.
"ಈಗ ಎಪ್ಪತ್ತೇಳು. ಇಪ್ಪತ್ತು ಕೊಡಿ, ಬೋಣಿ."

ಆಡಲು ಬಾರದು. ಮರಳಿ ಮಾರಲು ಬಾರದು.
ಒಂದು ಎಲೆ ಕಡಿಮೆಯಾದ ಕಟ್ಟಿಗೆ
ಸಂಗ್ರಹಕಾರ ಮೂಗು ಮುರಿಯುತ್ತಾನೆ.
ಗಾಜಿನ ಹಿಂದಿನವಳು ಒಳಗಿಂದ ಹೇಳಿದಳು: ಇಪ್ಪತ್ತೂ ದಂಡ, ಏಳು.
ಹೆಬ್ಬೆರಳು ಮಾತ್ರ ಇನ್ನೂ
ಜಗತ್ತಿನ ಅಂಚಿನ ಮೇಲೇ ಇತ್ತು.

"ನೂರ ನಲವತ್ತು," ಅಂದೆ. "ಅವನನ್ನೂ ಸೇರಿಸಿ."

ಸೆಕೊಂದೊ ಮೊದಲ ಸಲ ನನ್ನ ಕಡೆ ತಿರುಗಿದ.
ಮುಖ ನೋಡಲಿಲ್ಲ.
ನನ್ನ ಉಗುರುಗಳನ್ನು ನೋಡಿದ.